ಕವಾಯತಿನ ಮೈದಾನದಲ್ಲಿ ಕಲಿಸದ ಪಾಠ

ನಮ್ಮ ಕೇರಿಯಲ್ಲಿ ಮಗು ಹಟ ಮಾಡಿ ಅತ್ತರೆ ಗುಮ್ಮ ಬಂತು ಅನ್ನುವುದಿಲ್ಲ. 'ಪೋಲೀಸ್ನೋರು ಬಂದ್ರು, ಸುಮ್ನಿರು' ಅಂತಾರೆ. ಮಗು ಬಾಯಿ ಮುಚ್ಚುತ್ತದೆ. ಕಳ್ಳ ಬಂದ ಅಂದರೆ ಮುಚ್ಚುವುದಿಲ್ಲ. ಕಳ್ಳ ನಮ್ಮ ಗುಡಿಸಲಿನಿಂದ ಹೊತ್ತುಕೊಂಡು ಹೋಗುವುದಾದರೂ ಏನನ್ನು? ಪೋಲೀಸರು ಬಂದರೆ ಅಪ್ಪನನ್ನೇ ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ನೆಟ್ಟಗೆ ಮಾತು ಬಾರದ ಮಗುವಿಗೂ ಗೊತ್ತು. ಅದೇ ಪೋಲೀಸರ ಕಟ್ಟಡದ ಮುಂದೆ ಸರ್ಕಾರ 'ಆರಕ್ಷಕ ಠಾಣೆ' ಅಂತ ಬೋರ್ಡು ಬರೆಸಿದೆ. ಆರಕ್ಷಕ ಅಂದರೆ ಕಾಪಾಡುವವನು. ಆ ಬೋರ್ಡಿಗೂ ಈ ಮಗುವಿನ ಭಯಕ್ಕೂ ನಡುವೆ ಇಷ್ಟು ದೂರ ಯಾಕೆ ಬಂತು? ಆ ದೂರದ ಚರಿತ್ರೆಯನ್ನು ನಾವಿಲ್ಲಿ ಹೇಳಬೇಕಾಗಿದೆ.

ಪೋಲೀಸರನ್ನು ಬೈದು ಸುಮ್ಮನಾಗುವುದು ಸುಲಭ. ಒಬ್ಬ ಒಳ್ಳೇ ಇನ್ಸ್‌ಪೆಕ್ಟರ್ ಬಂದರೆ ಎಲ್ಲಾ ಸರಿಹೋಗುತ್ತೆ ಅನ್ನುವುದು ಇನ್ನೂ ಸುಲಭ. ಎರಡೂ ನಮಗೆ ಬೇಡ. ಲಾಠಿ ಹಿಡಿದು ನಿಂತವನು ತಾಯಿಯ ಹೊಟ್ಟೆಯಿಂದ ಲಾಠಿ ಹಿಡಿದು ಬಂದವನಲ್ಲ. ಅವನೂ ಯಾವುದೋ ಹಳ್ಳಿಯ, ಯಾವುದೋ ಕೂಲಿಯವಳ ಮಗ. ಅವನನ್ನು ಪೋಲೀಸನನ್ನಾಗಿ ಮಾಡಿದ್ದು ತರಬೇತಿ. ಆ ತರಬೇತಿ ಯಾರನ್ನು ಕಾಯಲು ಹುಟ್ಟಿತು, ಯಾರ ಮೇಲೆ ಕಣ್ಣಿಡಲು ಕಲಿಸಿತು ಅಂತ ನಾವು ಕೇಳಬೇಕು.

ಇಂಗ್ಲಿಷರ ಪೋಲೀಸು ಬರುವ ಮೊದಲೂ ಹಳ್ಳಿಗೆ ಕಾವಲಿತ್ತು. ತಳವಾರ ಇದ್ದ, ತೋಟಿ ಇದ್ದ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ತೋಟಿ ನಮ್ಮವನೇ. ರಾತ್ರಿ ಬೆಳೆ ಕಾಯಬೇಕು, ಗಡಿಕಲ್ಲು ಎಲ್ಲಿದೆ ಅಂತ ತೋರಿಸಬೇಕು, ಕಂದಾಯ ಬಾಕಿ ಇಟ್ಟವನನ್ನು ಚಾವಡಿಗೆ ಕರೆತರಬೇಕು, ಸಾವಿನ ಸುದ್ದಿ ಹೊತ್ತು ಊರೂರು ಅಲೆಯಬೇಕು. ಇಡೀ ಊರು ಕಾಯುವವನು ಊರ ಬೀದಿಗೆ ಬಂದಾಗ ಮಾತ್ರ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು. ಕಾಯುವವನು ನಮ್ಮವನು, ಕಾವಲು ಮಾತ್ರ ನಮಗಲ್ಲ. ಇಂಥ ಹಳ್ಳಿ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯಕ್ಕೆ ಬಂದದ್ದು 1961ರಲ್ಲಿ. ಅಲ್ಲಿಯವರೆಗೂ ಈ ದುಡಿಮೆ ಹುಟ್ಟಿನಿಂದ ಬಂದ ಸಾಲವಾಗಿತ್ತು.

ಕಂಪನಿ ಸರ್ಕಾರ ಈ ಕಾವಲನ್ನು ಕಂದಾಯದ ಗೂಟಕ್ಕೆ ಕಟ್ಟಿತು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ತಹಸೀಲ್ದಾರನೇ ಯಜಮಾನ, ಪೋಲೀಸಿಗೂ ಅವನೇ ಯಜಮಾನ. ಆಗ ನಮ್ಮ ಬಳ್ಳಾರಿ, ಕೆನರಾ ಸೀಮೆಗಳೂ ಆ ಪ್ರಾಂತ್ಯದೊಳಗಿದ್ದವು. ಕಂದಾಯ ಕೊಡದಿದ್ದರೆ ಹೊಡೆಯುವ ಕೈ, ಕಳವಿನ ತಪ್ಪೊಪ್ಪಿಗೆ ಹಿಂಡುವ ಕೈ ಎರಡೂ ಒಂದೇ. ಈ ಕೂಗು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಗಿ 1854ರಲ್ಲಿ ಚಿತ್ರಹಿಂಸೆಯ ವಿಚಾರಣೆಗೆಂದು ಒಂದು ಕಮಿಷನ್ ನೇಮಕವಾಯಿತು. 1855ರಲ್ಲಿ ವರದಿ ಬಂತು. ಅದರಲ್ಲಿ ಕಿಟ್ಟಿ ಅನ್ನುವ ಸಾಧನದ ವಿವರ ಇದೆ: ಬೆರಳು ಸಿಕ್ಕಿಸಿ ಹಿಂಡುವ ಮರದ ಇಕ್ಕಳ ಅದು. ಮನುಷ್ಯನನ್ನು ಬಗ್ಗಿಸಿ ಕತ್ತಿಗೂ ಕಾಲಿಗೂ ಹಗ್ಗ ಬಿಗಿದು ಬಿಸಿಲಲ್ಲಿ ನಿಲ್ಲಿಸುವುದರ ವಿವರವೂ ಇದೆ. ಹಿಂಸೆ ನಡೆಯುತ್ತಿರುವುದು ನಿಜ ಅಂತ ಕಮಿಷನ್ ಒಪ್ಪಿತು. ಆದರೆ ತಪ್ಪೆಲ್ಲ ನೇಟಿವ್ ನೌಕರರದು ಅಂತ ಬರೆದು ಬಿಳಿಯ ಅಧಿಕಾರಿಗಳ ಕೈ ತೊಳೆದುಕೊಟ್ಟಿತು. 1857ರಲ್ಲಿ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಇದೇ ವರದಿ ಮುಂದಿಟ್ಟುಕೊಂಡು ಆ ಕೈ ತೊಳೆಯುವಿಕೆಯನ್ನು ಬಯಲು ಮಾಡಿದ. ವಸೂಲಿಯ ಗುರಿ ಹಾಕಿದವನು ಮೇಲೆ ಕೂತಿದ್ದ. ಹೊಡೆದವನು ಕೆಳಗಿದ್ದ. ಏಟು ತಿಂದವನು ಇನ್ನೂ ಕೆಳಗಿದ್ದ. ಈ ಏಣಿಯ ಮೇಲೆಯೇ ಮುಂದಿನ ಪೋಲೀಸು ಕಟ್ಟಲ್ಪಟ್ಟಿತು.

1857ರಲ್ಲಿ ಸಿಪಾಯಿಗಳು ದಂಗೆ ಎದ್ದರು. ಬಿಳಿಯರು ನಡುಗಿದರು. 1860ರಲ್ಲಿ ಒಂದು ಪೋಲೀಸ್ ಕಮಿಷನ್, 1861ರಲ್ಲಿ ಪೋಲೀಸ್ ಕಾಯ್ದೆ. ಅವರ ಮುಂದೆ ಎರಡು ಮಾದರಿ ಇದ್ದವು. ಒಂದು ಲಂಡನ್ ಪೋಲೀಸು. 1829ರಲ್ಲಿ ಶುರುವಾದದ್ದು. ಸಿಪಾಯಿಗಳಂತೆ ಕಾಣಬಾರದು ಅಂತಲೇ ಕೆಂಪು ಬಿಟ್ಟು ನೀಲಿ ಕೋಟು ತೊಡಿಸಿದ್ದರು, ಮಾಮೂಲಿ ಗಸ್ತಿಗೆ ಬಂದೂಕು ಕೊಟ್ಟಿರಲಿಲ್ಲ. ಇನ್ನೊಂದು ಐರ್ಲೆಂಡಿನ ಪೋಲೀಸು. ಅದು ಗೆದ್ದ ನೆಲವನ್ನು ಹಿಡಿದಿಡುವ ಪೋಲೀಸು. ಬ್ಯಾರಕ್ಕಿನಲ್ಲಿ ವಾಸ, ಹೆಗಲಿಗೆ ಬಂದೂಕು, ಹುಟ್ಟಿದ ಸೀಮೆಯಲ್ಲಿ ಕೆಲಸ ಮಾಡುವಂತಿಲ್ಲ. ಜನರ ಜೊತೆ ಬೆರೆಯಬಾರದು, ಜನರನ್ನು ನೋಡುತ್ತಿರಬೇಕು, ಅಷ್ಟೆ. ನೇಪಿಯರ್ 1843ರಲ್ಲಿ ಸಿಂಧ್ ಗೆದ್ದಾಗ ಅಲ್ಲಿ ಕಟ್ಟಿದ್ದು ಈ ಐರ್ಲೆಂಡಿನ ಮಾದರಿ. ತಮ್ಮ ಮನೆಯ ಮಕ್ಕಳಿಗೆ ಲಂಡನ್ ಪೋಲೀಸು, ಆಳಿಸಿಕೊಳ್ಳುವ ನಮಗೆ ಐರ್ಲೆಂಡಿನ ಪೋಲೀಸು. ಆಯ್ಕೆ ಸ್ಪಷ್ಟವಾಗಿತ್ತು.

1861ರ ಕಾಯ್ದೆಯ 23ನೇ ಕಲಮು ಪೋಲೀಸನ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯ ಸರದಿ ನೋಡಿ. ಮೊದಲನೆಯದು, ಮೇಲಿನವರ ಆಜ್ಞೆಯನ್ನು ತಕ್ಷಣ ಪಾಲಿಸುವುದು. ಎರಡನೆಯದು, ಶಾಂತಿಗೆ ಸಂಬಂಧಿಸಿದ ಸುದ್ದಿ ಸಂಗ್ರಹಿಸಿ ಮೇಲಕ್ಕೆ ಕಳಿಸುವುದು. ಅಪರಾಧ ತಡೆಯುವುದು ಆಮೇಲೆ ಬರುತ್ತದೆ. ಅಂದರೆ ಮೊದಲು ಕಿವಿ ಮೇಲಕ್ಕೆ, ಆಮೇಲೆ ಕಣ್ಣು ಕೆಳಕ್ಕೆ. ಏಟು ತಿಂದು ಬಂದವಳ ಮಾತು ಕೇಳುವುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇಂಥ ಕಾಯ್ದೆಗೆ ತಕ್ಕ ತರಬೇತಿಯೇ ಬಂತು: ಕವಾಯತು, ಸಲಾಮು, ಲಾಠಿ, ಬಂದೂಕು.

ಯಾರ ಮೇಲೆ ಕಣ್ಣಿಡಬೇಕು ಅನ್ನುವುದನ್ನು ಹತ್ತು ವರ್ಷದ ಮೇಲೆ ಇನ್ನೊಂದು ಕಾಯ್ದೆ ಹೇಳಿಕೊಟ್ಟಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಹುಟ್ಟಿದ ಜಾತಿಯೇ ಅಪರಾಧ. ಕೊರಚ, ಹರಣಶಿಕಾರಿ, ಗಂಟಿಚೋರ ಅಂತ ಹೆಸರು ಹಿಡಿದು ಪಟ್ಟಿ ಮಾಡಿದರು, ಬೆರಳಚ್ಚು ತೆಗೆದರು, ಹಾಜರಿ ಕೂಗಿದರು, ಊರು ಬಿಡಲು ಪಾಸು ಬೇಕು ಅಂದರು. ಹುಬ್ಬಳ್ಳಿಯಲ್ಲಿ, ವಿಜಾಪುರದಲ್ಲಿ ತಂತಿ ಬೇಲಿಯ ಸೆಟ್ಲಮೆಂಟುಗಳಾದವು. ಹುಬ್ಬಳ್ಳಿಯ ಜನ ಆ ಜಾಗವನ್ನು ಈಗಲೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಪೋಲೀಸನ ತಲೆಯೊಳಗಿನ ಪಟ್ಟಿ ಮಾತ್ರ ಕಾಯ್ದೆಯ ಜೊತೆ ರದ್ದಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ಜೈಲುಗಳಲ್ಲಿನ ಜಾತಿಭೇದದ ಬಗ್ಗೆ ತೀರ್ಪು ಕೊಡುತ್ತಾ ಸುಪ್ರೀಂ ಕೋರ್ಟು, ಈ ವಿಮುಕ್ತ ಸಮುದಾಯದವರನ್ನು ಮನಸ್ಸಿಗೆ ಬಂದಂತೆ ಬಂಧಿಸಕೂಡದು ಅಂತ ಪೋಲೀಸರಿಗೆ ಹೇಳಬೇಕಾಯಿತು. ರದ್ದಾಗಿ 72 ವರ್ಷದ ಮೇಲೂ ಹೇಳಬೇಕಾಯಿತು ಅಂದರೆ ಪಾಠ ಎಷ್ಟು ಆಳಕ್ಕೆ ಇಳಿದಿದೆ ನೋಡಿ.

ಬಿಳಿಯರಿಗೂ ತಾವು ಕಟ್ಟಿದ್ದು ಏನೆಂದು ಗೊತ್ತಿತ್ತು. 1902-03ರ ಫ್ರೇಸರ್ ಕಮಿಷನ್, ಪೋಲೀಸಿಗೆ ಸರಿಯಾದ ತರಬೇತಿ ಇಲ್ಲ, ಜನ ಅವರನ್ನು ಲಂಚಕೋರರು, ಪೀಡಕರು ಅಂತ ತಿಳಿದಿದ್ದಾರೆ ಅಂತ ಬರೆಯಿತು. ತರಬೇತಿ ಶಾಲೆಗಳು ಬೇಕು ಅಂತಲೂ ಹೇಳಿತು. ಶಾಲೆಗಳು ಬಂದವು. ಪೋಲೀಸು ಯಾರಿಗಾಗಿ ಅನ್ನುವ ಪ್ರಶ್ನೆ ಶಾಲೆಯ ಬಾಗಿಲಾಚೆಯೇ ಉಳಿಯಿತು.

ಆ ಪ್ರಶ್ನೆಯನ್ನು ನಮ್ಮ ಕಡೆಯಿಂದ ಎತ್ತಿದವರು ಬಾಬಾಸಾಹೇಬರು. ಮಹಾಡ್ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿವೆ ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. 1927ರ ಮಾರ್ಚ್ 20ರಂದು ನಮ್ಮ ಜನ ಚವದಾರ ಕೆರೆಯ ನೀರು ಕುಡಿದರು. ಕುಡಿದು ಹೊರಟವರ ಮೇಲೆ ದೊಣ್ಣೆ ಬಿದ್ದವು. ಕೆರೆ ಸಾರ್ವಜನಿಕ, ನಾವು ಸಾರ್ವಜನಿಕರಲ್ಲ! ಇವತ್ತು 'ಸಾರ್ವಜನಿಕ ಸುರಕ್ಷತೆ' ಅಂತ ಭಾಷಣ ಕೇಳಿದಾಗಲೆಲ್ಲ ನಮಗೆ ಆ ಕೆರೆ ನೆನಪಾಗುತ್ತದೆ. ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಅಂಬೇಡ್ಕರ್ ಮತ್ತು ರೆಟ್ಟಮಲೈ ಶ್ರೀನಿವಾಸನ್ ಕೊಟ್ಟ ಮನವಿಯಲ್ಲಿ ಎರಡು ಮಾತಿವೆ. ಬಹಿಷ್ಕಾರ ಹಾಕುವುದನ್ನು ಶಿಕ್ಷೆಗೆ ಗುರಿಮಾಡಬೇಕು ಅನ್ನುವುದು ಒಂದು. ಸರ್ಕಾರಿ ಹುದ್ದೆಗಳನ್ನು ಹಿಡಿದು ಕೂತ ಮೇಲುಜಾತಿಯವರು ಕಾನೂನನ್ನೇ ನಮ್ಮ ಮೇಲೆ ತಿರುಗಿಸಿದ್ದಾರೆ, ಆದ್ದರಿಂದ ಆ ಹುದ್ದೆಗಳಲ್ಲಿ ನಮಗೆ ಪಾಲು ಬೇಕು ಅನ್ನುವುದು ಇನ್ನೊಂದು. ಸ್ವಾತಂತ್ರ್ಯ ಬಂದು ಮೀಸಲಾತಿಯಿಂದ ಪಾಲೇನೋ ಸಿಕ್ಕಿತು. ನಮ್ಮ ಹುಡುಗರೂ ಖಾಕಿ ತೊಟ್ಟರು. ಆದರೆ ಖಾಕಿಯೊಳಗೆ ಹೋದ ಮೇಲೆ ಅವರಿಗೆ ಕಲಿಸಿದ್ದು ಹಳೆಯ ಪಾಠವನ್ನೇ.

ನಮ್ಮ ಜೊತೆ ಓದಿದ ಹುಡುಗನೊಬ್ಬ ಕಾನ್‌ಸ್ಟೇಬಲ್ ಆದ. ತರಬೇತಿ ಮುಗಿಸಿ ಬಂದವನನ್ನು ಏನು ಕಲಿತೆಯೋ ಅಂತ ಕೇಳಿದೆವು. 'ಮೊದ್ಲು ಬೈಗುಳ ನುಂಗೋದು ಕಲ್ತೆ ಕಣ್ರೋ, ಆಮೇಲೆ ಉಗಿಯೋದು ಕಲ್ತೆ' ಅಂದು ನಕ್ಕ. ಯಾವ ಶಾಲೆ ಅಂತ ನಾವಿಲ್ಲಿ ಹೇಳುವುದಿಲ್ಲ. ಮೇಲಿನವನು ಇವನನ್ನು ಬೈದ, ಇವನು ಬೀದಿ ವ್ಯಾಪಾರದ ಮುದುಕಿಯನ್ನು ಬೈದ. 1855ರ ಏಣಿ ಹಾಗೇ ನಿಂತಿದೆ. ಸಾಹೇಬರ ಮನೆಯಲ್ಲಿ ಬಟ್ಟೆ ಒಗೆಸುವ ಆರ್ಡರ್ಲಿ ಪದ್ಧತಿ ನಿಲ್ಲಬೇಕು ಅಂತ ರಾಷ್ಟ್ರೀಯ ಪೋಲೀಸ್ ಆಯೋಗ ಹೇಳಿ ನಾಲ್ಕು ದಶಕ ಕಳೆದವು. ನಮ್ಮ ರಾಜ್ಯದ ಪೋಲೀಸರು ಸಂಬಳ, ರಜೆ, ಮಾನಕ್ಕಾಗಿ 2016ರ ಜೂನ್ 4ರಂದು ಸಾಮೂಹಿಕ ರಜೆಯ ಮಾತೆತ್ತಿದಾಗ ಸರ್ಕಾರ ಬೆಚ್ಚಿತು. ಮನುಷ್ಯನಂತೆ ನಡೆಸಿಕೊಳ್ಳದವನಿಂದ ಮನುಷ್ಯತ್ವ ಕೇಳುವುದು ಹೇಗೆ?

ಸ್ವಾತಂತ್ರ್ಯದಿಂದ ಗುಂಡೇನೂ ನಿಲ್ಲಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದ ಜನರ ಮೇಲೆ ಮೈಸೂರು ಮಹಾರಾಜರ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಅಂತ ಸರ್ಕಾರದ ಲೆಕ್ಕ, ಮೂವತ್ತೆರಡು ಅಂತ ಜನರ ಲೆಕ್ಕ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಈಗ ಮಹಾರಾಜರಿಲ್ಲ, ನಾವೇ ಓಟು ಹಾಕಿದ ಸರ್ಕಾರ. ಅವತ್ತು ರೈತರೂ ಸತ್ತರು, ಪೋಲೀಸರೂ ಸತ್ತರು. ಎರಡು ಕಡೆ ಅತ್ತದ್ದೂ ಹಳ್ಳಿಯ ತಾಯಂದಿರೇ. ವಸೂಲಿಗೆ ಪೋಲೀಸು ಕಾವಲು ನಿಲ್ಲುವ ಕಂಪನಿ ಕಾಲದ ಕಟ್ಟಳೆ ಮಾತ್ರ ಸಾಯಲಿಲ್ಲ.

ವರದಿಗಳಿಗೇನೂ ಬರವಿಲ್ಲ. 1971ರಲ್ಲಿ ಸಮಾಜಶಾಸ್ತ್ರದ ಎಂ.ಎಸ್. ಗೋರೆಯವರ ಅಧ್ಯಕ್ಷತೆಯಲ್ಲಿ ಪೋಲೀಸ್ ತರಬೇತಿ ಸಮಿತಿ ಕೂತಿತು. ಕವಾಯತು, ಕಾನೂನು ಅಷ್ಟೇ ಸಾಲದು, ಜನರ ಬಗ್ಗೆ ಪೋಲೀಸನ ಮನೋಭಾವ ಬದಲಾಗಬೇಕು ಅಂತ 1973ರಲ್ಲಿ ವರದಿ ಕೊಟ್ಟಿತು. ತುರ್ತು ಪರಿಸ್ಥಿತಿಯ ಗಾಯ ಆರುವ ಮೊದಲೇ, 1977ರಲ್ಲಿ, ಧರ್ಮವೀರ ಅವರ ರಾಷ್ಟ್ರೀಯ ಪೋಲೀಸ್ ಆಯೋಗ ಬಂತು. 1981ರ ಹೊತ್ತಿಗೆ ಎಂಟು ವರದಿ ಕೊಟ್ಟಿತು. ಬಂಧನಗಳಲ್ಲಿ ನೂರಕ್ಕೆ ಸುಮಾರು 60 ಅನಗತ್ಯವಾದವು ಅಂತ ಅದೇ ಬರೆಯಿತು. ಆ ಅನಗತ್ಯ ಬಂಧನಗಳ ಲಾಕಪ್ಪಿನಲ್ಲಿ ಕೂತವರು ಯಾರು ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ವರದಿಗಳು ಕಪಾಟು ಸೇರಿದವು. ನಿವೃತ್ತ ಪೋಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು, ಕೋರ್ಟು ಏಳು ನಿರ್ದೇಶನ ಕೊಟ್ಟಿತು. ಮಂತ್ರಿಗಳ ಕೈವಾಡ ತಪ್ಪಿಸುವುದು, ದೂರು ಪ್ರಾಧಿಕಾರ, ತನಿಖೆಗೆ ಬೇರೆ ವಿಭಾಗ, ಇವೆಲ್ಲ ಬೇಕಾದವೇ. ಆದರೆ ಆ ಏಳರಲ್ಲಿ ಕಾನ್‌ಸ್ಟೇಬಲ್ಲಿಗೆ ಏನು ಕಲಿಸಬೇಕು ಅನ್ನುವುದಕ್ಕೆಂದೇ ಒಂದು ನಿರ್ದೇಶನ ಇಲ್ಲ. ಮೇಲಿನ ಗಂಟುಗಳನ್ನು ಬಿಚ್ಚುವ ಮಾತಾಯಿತು, ಠಾಣೆಯ ಬಾಗಿಲಲ್ಲಿ ನಿಂತವನ ಮಾತಾಗಲಿಲ್ಲ.

ಬಾಗಿಲಲ್ಲಿ ಏನಾಗುತ್ತದೆ? ನಮ್ಮ ಮನೆಯಲ್ಲಿ ಅಕ್ಷರ ಕಂಡ ಮೊದಲ ತಲೆ ನಮ್ಮದು. ಹಟ್ಟಿಯ ದಾರಿಗೆ ಊರಿನವರು ಬೇಲಿ ಬಿಗಿದಾಗ ದೂರು ಬರೆದುಕೊಂಡು ಅಪ್ಪನ ಜೊತೆ ಠಾಣೆಗೆ ಹೋದೆವು. ರೈಟರು ಅರ್ಜಿ ಓದಲಿಲ್ಲ. ಹಿಂದೆ ಮುಂದೆ ತಿರುಗಿಸಿ 'ಇದನ್ನ ಬರೆದೋನು ಯಾವನು?' ಅಂದರು. ಸಂಜೆಯವರೆಗೆ ನಿಂತೆವು. 'ರಾಜಿ ಮಾಡ್ಕೊಳ್ರಪ್ಪ, ಅದೇ ಊರಲ್ಲಿ ಬಾಳಬೇಕಲ್ವಾ' ಅಂತ ಬುದ್ಧಿ ಹೇಳಿ ಕಳಿಸಿದರು. ಅಪ್ಪ 'ಆಯ್ತು ಬುದ್ಧಿ' ಅಂದು ಕೈಮುಗಿದ. ನಮ್ಮ ಪದವಿ ನಮ್ಮ ಜೇಬಿನಲ್ಲೇ ಉಳಿಯಿತು. ಶಾಂತಿ ಅಂದರೆ ಠಾಣೆಯ ಭಾಷೆಯಲ್ಲಿ ಇದು. ಬೇಲಿ ಹಾಕುವುದು ಶಾಂತಿಭಂಗವಲ್ಲ, ಬೇಲಿ ಕೇಳುವುದು ಶಾಂತಿಭಂಗ. ಹೆಚ್ಚು ಮಾತಾಡಿದರೆ ಹೊಡೆದವನ ಮೇಲೂ ಹೊಡೆಸಿಕೊಂಡವನ ಮೇಲೂ ಒಂದೇ ತಕ್ಕಡಿಯಲ್ಲಿ 107 ಹಾಕುತ್ತಿದ್ದರು. 2024ರ ಜುಲೈನಿಂದ ಅದರ ಹೆಸರು 126 ಆಗಿದೆ. ಅಂಕಿ ಬದಲಾಯಿತು, ತಕ್ಕಡಿ ಅದೇ.

ಕಾನೂನು ಇಲ್ಲವೇ? ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಕರ್ತವ್ಯ ಮರೆತ ನೌಕರನಿಗೇ ಆರು ತಿಂಗಳಿಂದ ಒಂದು ವರ್ಷ ಜೈಲು ಅನ್ನುತ್ತದೆ. 2015ರ ತಿದ್ದುಪಡಿ ಆ ಕರ್ತವ್ಯಗಳನ್ನು ಬಿಡಿಸಿ ಹೇಳಿತು: ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಳ್ಳಬೇಕು, ಸಹಿಗೆ ಮೊದಲು ಓದಿ ಹೇಳಬೇಕು, ಎಫ್.ಐ.ಆರ್. ದಾಖಲಿಸಬೇಕು, ಪ್ರತಿ ಕೊಡಬೇಕು. 2013ರ ಲಲಿತಾ ಕುಮಾರಿ ತೀರ್ಪೂ ಗಂಭೀರ ಅಪರಾಧದ ದೂರು ಬಂದರೆ ದಾಖಲಿಸಲೇಬೇಕು ಅಂದಿದೆ. ಪುಸ್ತಕದಲ್ಲಿರುವುದು ಕೈಗೆ ಇಳಿಯುವುದು ತರಬೇತಿಯಲ್ಲಿ. ಇವತ್ತು ಪಠ್ಯದಲ್ಲಿ ಮಾನವ ಹಕ್ಕಿನ ಪಾಠವೂ ಇದೆ. ಆದರೆ ಹುಡುಗ ಬೆಳಿಗ್ಗೆ ಮೈದಾನದಲ್ಲಿ ಮೈಯಿಂದ ಕಲಿತದ್ದನ್ನು ಮಧ್ಯಾಹ್ನ ತೂಕಡಿಸುತ್ತಾ ಕೇಳಿದ ಪಾಠ ಅಳಿಸುವುದಿಲ್ಲ.

ಕಂಬಾಲಪಲ್ಲಿಯನ್ನು ನಾವು ಮರೆಯಲಾರೆವು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಆ ಊರಿನಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದರು, ಸುಟ್ಟವರು ಮಾತ್ರ ಯಾರೂ ಇಲ್ಲ! ಸಾಕ್ಷಿ ಹೇಳುವವನು ನಾಳೆ ಅದೇ ಊರಿನ ಬಾವಿಗೆ, ಅದೇ ಊರಿನ ಕೂಲಿಗೆ ಹೋಗಬೇಕು. ಅವನ ಬೆನ್ನ ಹಿಂದೆ ನಿಲ್ಲುವುದು ಹೇಗೆ ಅನ್ನುವುದು ಪೋಲೀಸು ಕಲಿಯಬೇಕಾದ ಪಾಠವಲ್ಲವೇ? ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿತು. ಆದರೂ ತನಿಖೆ ನಿಂತರೆ, ಸಾಕ್ಷಿ ನಿಂತರೆ ತೀರ್ಪು ಬರುತ್ತದೆ ಅನ್ನುವುದು ಅಷ್ಟರಮಟ್ಟಿಗೆ ಗೊತ್ತಾಯಿತು.

ಪೋಲೀಸನೂ ಈ ತರಬೇತಿಯಿಂದ ಸುರಕ್ಷಿತನಲ್ಲ. 1986ರ ಮಾರ್ಚಿನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೂ, ಕಾವಲಿಗಿದ್ದ ಪೋಲೀಸರ ಮೇಲೂ ಗುಂಪು ಬಿತ್ತು. ಮಹಿಳಾ ಪೋಲೀಸರ ಬಟ್ಟೆಯನ್ನೂ ಕಿತ್ತರು. ಅವರೂ ನಮ್ಮ ಅಕ್ಕತಂಗಿಯರೇ. ಸಾವಿರಾರು ಜನರ ನಂಬಿಕೆ ಕೆರಳಿರುವ ಕಡೆ ಮೊದಲೇ ಹೋಗಿ ಮಾತಾಡುವುದು, ಜನರ ನಡುವೆ ನಂಬಿಕೆ ಗಳಿಸುವುದು ಲಾಠಿಯ ಪಾಠದಲ್ಲಿ ಇರುವುದಿಲ್ಲ.

ನಮಗೆ ತನ್ನ ಮಾದರಿ ಕೊಟ್ಟ ಐರ್ಲೆಂಡು ಏನು ಮಾಡಿತು ಗೊತ್ತೇ? ಸ್ವತಂತ್ರವಾದ ಕೂಡಲೇ, 1922ರಲ್ಲಿ, ಆ ಹಳೆಯ ಪೋಲೀಸನ್ನು ವಿಸರ್ಜಿಸಲಾಯಿತು. ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಬಂದೂಕಿಲ್ಲದ ಹೊಸ ಪೋಲೀಸನ್ನು ಬೀದಿಗೆ ಇಳಿಸಿದರು. ಅದರ ಹೆಸರಿನ ಅರ್ಥ 'ಶಾಂತಿಯ ಕಾವಲುಗಾರರು'. ಬ್ರಿಟಿಷರ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡಿನಲ್ಲೂ 1999ರಲ್ಲಿ ಪ್ಯಾಟನ್ ಆಯೋಗ, ಮಾನವ ಹಕ್ಕನ್ನು ತರಬೇತಿಯ ಬುಡಕ್ಕೆ ಇಡಿ, ಹೊರಗಿಟ್ಟ ಕ್ಯಾಥೊಲಿಕರಿಗೆ ಹೊಸ ನೇಮಕದಲ್ಲಿ ಅರ್ಧ ಪಾಲು ಕೊಡಿ ಅಂದಿತು. 2001ರಲ್ಲಿ ಅಲ್ಲಿನ ಪೋಲೀಸು ಹೆಸರು ಸಮೇತ ಬದಲಾಯಿತು. ಅವರು ಕಿತ್ತೆಸೆದ ಅಂಗಿಯನ್ನು ನಾವು ಇನ್ನೂ ಒಗೆದು ಇಸ್ತ್ರಿ ಮಾಡಿ ತೊಡುತ್ತಿದ್ದೇವೆ. ಕರ್ನಾಟಕಕ್ಕೆ 1963ರಲ್ಲಿ ತನ್ನದೇ ಪೋಲೀಸ್ ಕಾಯ್ದೆ ಬಂತು ನಿಜ. ಹೊಲಿಗೆ ಹೊಸದು, ಅಳತೆ ಹಳೆಯದು.

ಹಾಗಾದರೆ ಏನು ಮಾಡಬೇಕು? ನಮ್ಮ ಬೇಡಿಕೆ ದೊಡ್ಡದಲ್ಲ. ಚನ್ನಪಟ್ಟಣವಿರಲಿ, ಖಾನಾಪುರವಿರಲಿ, ಮೈಸೂರಿನ ಅಕಾಡೆಮಿಯಿರಲಿ, ತರಬೇತಿಗೆ ಬಂದ ಹುಡುಗ ಹುಡುಗಿಯರಿಗೆ ಕವಾಯತಿಗಿಂತ ಮೊದಲು ದೂರು ಕೇಳುವುದನ್ನು, ಬರೆಯುವುದನ್ನು, ಓದಿ ಹೇಳುವುದನ್ನು ಕಲಿಸಿ. ಅವರನ್ನು ಕೇರಿಗೆ, ತಾಂಡಾಕ್ಕೆ, ಸ್ಲಮ್ಮಿಗೆ ಕಳಿಸಿ, ಕಾವಲಿಗಲ್ಲ, ಕಲಿಯುವುದಕ್ಕೆ. ಠಾಣೆಯ ಮೆಟ್ಟಿಲು ಹತ್ತಿ ಸೋತು ಇಳಿದ ಹೆಂಗಸು ಅವರಿಗೆ ಪಾಠ ಹೇಳಲಿ. ಗುಂಪಿನ ಮುಂದೆ ಲಾಠಿಗೆ ಮೊದಲು ಮಾತು ಹೇಗೆ ಎತ್ತಬೇಕು ಅಂತ ಮೈದಾನದಲ್ಲೇ ಅಭ್ಯಾಸ ಮಾಡಿಸಿ. ತರಬೇತಿ ಕೊಡುವವನು ಬಯ್ಯುವುದನ್ನು ನಿಲ್ಲಿಸಲಿ. ಕೇಸು ಕಡಿಮೆ ತೋರಿಸಿದ ಠಾಣೆಗೆ ಶಹಬ್ಬಾಸ್ ಅನ್ನಬೇಡಿ. ದೂರು ಬರೆಯದೇ ಇರುವುದು ಕೇಸು ಕಡಿಮೆ ಮಾಡುವ ಎಲ್ಲಕ್ಕಿಂತ ಸುಲಭದ ದಾರಿ. ಊರಿನ ಕಟ್ಟಕಡೆಯ ಗುಡಿಸಲಿನವಳು ರಾತ್ರಿ ಭಯವಿಲ್ಲದೆ ಠಾಣೆಗೆ ಬರಬಲ್ಲಳೇ ಅಂತ ಅಳೆಯಿರಿ. ಅವಳು ಸುರಕ್ಷಿತಳಾದರೆ ಊರಗೌಡನೂ ಸುರಕ್ಷಿತ. ಗೌಡ ಸುರಕ್ಷಿತನಾದ ಮಾತ್ರಕ್ಕೆ ಅವಳು ಸುರಕ್ಷಿತಳಲ್ಲ. ಇದೇ ನಾವು ತಿಳಿದ ಸಾರ್ವಜನಿಕ ಸುರಕ್ಷತೆ.

ಖಾಕಿ ತೊಟ್ಟ ನಮ್ಮ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ನಿಮ್ಮ ತಾತ ತೋಟಿಯಾಗಿ ಕೋಲು ಹಿಡಿದು ತನ್ನದಲ್ಲದ ಊರು ಕಾಯುತ್ತಿದ್ದ. ಅವನಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಸಂವಿಧಾನ ಇದೆ, ಸಂಬಳ ಇದೆ, ಪೆನ್ನು ಇದೆ. ನಾಳೆ ನಮ್ಮಂಥವರ ಅಪ್ಪ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಾಗ 'ಬರೆದೋನು ಯಾವನು' ಅನ್ನಬೇಡಿ. ಒಂದು ಕುರ್ಚಿ ಎಳೆದು 'ಕೂತ್ಕೊಳಪ್ಪ, ಏನಾಯ್ತು ಹೇಳು' ಅನ್ನಿ. ನೂರಾ ಅರವತ್ತು ವರ್ಷದಿಂದ ಯಾರೂ ನಿಮಗೆ ಕಲಿಸದ ಪಾಠ ಅದು.